ಒಂದೂ ಐವತ್ತಕ್ಕೆ ಮುಚ್ಚಿದ ಕ್ಲಿಪ್ಪು

ನಮ್ಮ ಬೀದಿಯ ತಿರುವಿನಲ್ಲಿ, ಔಷಧದ ಅಂಗಡಿಯನ್ನು ಒತ್ತಿಕೊಂಡು, ಫ್ರಿಜ್ಜು ರಿಪೇರಿಯ ಒಂದು ಕಿರಿದಾದ ಅಂಗಡಿಯಿದೆ. ಹಿಂಬದಿಯ ತಗಡು ಬಿಚ್ಚಿಸಿಕೊಂಡ ಮೂರು ನಾಲ್ಕು ಫ್ರಿಜ್ಜುಗಳು ಬೀದಿಗೆ ಬೆನ್ನು ತೋರಿಸಿ ಸದಾ ಅಲ್ಲಿ ನಿಂತಿರುತ್ತವೆ. ಅಂಗಡಿಯವನನ್ನು ಬೀದಿಯ ಜನ ತಣ್ಣಪ್ಪ ಎಂದು ಕರೆಯುತ್ತಾರೆ. ಮಾಡುವ ಕೆಲಸ ತಂಪಿನದು ಎಂಬುದೊಂದು ಕಾರಣ. ಗಿರಾಕಿ ಎಷ್ಟೇ ಕೂಗಾಡಿದರೂ ಅವನು ದನಿ ಏರಿಸುವುದಿಲ್ಲ ಎಂಬುದು ಇನ್ನೊಂದು. ಅವನ ಹೆಂಡತಿ ಮಾತ್ರ ಇದನ್ನು ಒಪ್ಪುವುದಿಲ್ಲ. "ಫ್ರಿಜ್ಜಿನ ಹಾಗೇನೇ ಮೇಷ್ಟ್ರೇ, ಮುಂದೆ ಬಾಗಿಲು ತೆಗೆದೋರಿಗೆ ತಣ್ಣಗೆ. ಹಿಂದೆ ಇರೋರಿಗೆ ಗೊತ್ತು ಬಿಸಿ" ಎನ್ನುತ್ತಾಳೆ.

ಅವನು ಏಳನೆಯ ತರಗತಿಯಲ್ಲಿ ನನ್ನ ಬಳಿ ಓದಿದವನು. ಬುದ್ಧಿವಂತರ ಸಾಲಿನಲ್ಲಿ ಅವನ ಹೆಸರು ಬರುತ್ತಿರಲಿಲ್ಲ. ಆದರೆ ಒಂದು ಲೆಕ್ಕವನ್ನು ಮಾಡಿ ಮುಗಿಸಿದ ಮೇಲೆ, ಉತ್ತರದಿಂದ ಹಿಂದಕ್ಕೆ ಬಂದು ತಾಳೆ ನೋಡದೆ ಪುಸ್ತಕವನ್ನು ಒಪ್ಪಿಸುತ್ತಿರಲಿಲ್ಲ. ಗಂಟೆ ಹೊಡೆದು ಇಡೀ ತರಗತಿ ಬಯಲಿಗೆ ಓಡಿದರೂ ಅವನೊಬ್ಬ ಕುಳಿತಿರುತ್ತಿದ್ದನು. ಅದಕ್ಕಾಗಿ ನಾನು ಅವನನ್ನು ಗದರಿದ್ದೂ ಉಂಟು. ಗದರಬಾರದಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ಸ್ವಭಾವವೇ ಅವನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಫ್ರಿಜ್ಜಿನ ಕೊಳವೆಗಳಿಗೆ ಹೊಸ ಗ್ಯಾಸನ್ನು ತುಂಬುವ ಮೊದಲು ಅವುಗಳೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯಬೇಕು. ಅದಾದ ಮೇಲೆ ವಾಲ್ವನ್ನು ಮುಚ್ಚಿ, ಗೇಜಿನ ಮುಳ್ಳನ್ನು ನೋಡುತ್ತ ಕಾಯಬೇಕು. ಮುಳ್ಳು ನಿಂತಲ್ಲೇ ನಿಂತರೆ ಕೊಳವೆ ಭದ್ರವಾಗಿದೆ. ಸರಿದರೆ ಎಲ್ಲೋ ಸೋರುತ್ತಿದೆ. ಅವಸರದವರು ಐದು ನಿಮಿಷ ಕಾಯುತ್ತಾರೆ. ತಣ್ಣಪ್ಪ ವಾಲ್ವು ಮುಚ್ಚಿದ ಹೊತ್ತನ್ನು ಸೀಮೆಸುಣ್ಣದಿಂದ ಫ್ರಿಜ್ಜಿನ ಬೆನ್ನ ಮೇಲೆ ಬರೆದು, ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದು, ಇನ್ನೊಂದು ಸಣ್ಣ ಕೆಲಸವನ್ನೂ ಮುಗಿಸಿ ಬಂದು ಮುಳ್ಳನ್ನು ನೋಡುತ್ತಿದ್ದನು. ಇಪ್ಪತ್ತೈದು ವರ್ಷಗಳಲ್ಲಿ ಆ ಅಭ್ಯಾಸ ಅವನ ಕೈಯಲ್ಲಿ ಕೂತುಬಿಟ್ಟಿತ್ತು.

ಅವನ ಬಲ ತೊಡೆಯ ಹೊರಮಗ್ಗುಲಲ್ಲಿ ಒಂದು ಗಂಟು ಎದ್ದಾಗ ಅವನಿಗೆ ನಲವತ್ತೇಳು ವರ್ಷ. ಭಾರದ ಕಂಪ್ರೆಸರುಗಳನ್ನು ಎತ್ತುವಾಗ ಆ ತೊಡೆಗೇ ಆನಿಸಿಕೊಳ್ಳುತ್ತಿದ್ದುದರಿಂದ, ಏಟು ತಗಲಿ ಊದಿದೆಯೆಂದು ನಾಲ್ಕು ತಿಂಗಳು ಸುಮ್ಮನಿದ್ದನು. ಗಂಟು ಕಿತ್ತಳೆಯ ಗಾತ್ರಕ್ಕೆ ಬಂದ ಮೇಲೆ ಹೆಂಡತಿ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷಿಸಿದರು. ಅದು ಮಾಂಸದೊಳಗೆ ಹುಟ್ಟಿದ ಕೆಟ್ಟ ಜಾತಿಯ ಗಡ್ಡೆ ಎಂದು ತಿಳಿಯಿತು.

ಶಸ್ತ್ರಚಿಕಿತ್ಸೆ ಮಾಡಿದ ಹಿರಿಯ ಡಾಕ್ಟರಮ್ಮ ಮಾತು ಕಡಮೆ ಆಡುವವರು. ಗಡ್ಡೆಯನ್ನು ಮಾತ್ರ ತೆಗೆದರೆ ಸಾಲದು, ಸುತ್ತಲಿನ ಎರಡು ಬೆರಳಗಲದ ಒಳ್ಳೆಯ ಮಾಂಸವನ್ನೂ ಚರ್ಮವನ್ನೂ ಸೇರಿಸಿ ತೆಗೆಯಬೇಕು ಎಂದರು, ಹಾಗೆಯೇ ತೆಗೆದರು. ತೊಡೆಯ ಮೇಲೆ ಅಂಗೈಯನ್ನು ಅಗಲಿಸಿ ಇಟ್ಟರೂ ಮುಚ್ಚಲಾರದಷ್ಟು ದೊಡ್ಡ ಹೊಂಡ ಉಳಿಯಿತು. ಅಂಚುಗಳನ್ನು ಎಳೆದು ಹೊಲಿಯುವಂತಿರಲಿಲ್ಲ. ಕಪ್ಪು ಸ್ಪಂಜನ್ನು ಹೊಂಡದ ಆಕಾರಕ್ಕೆ ಕತ್ತರಿಸಿ ಕೂರಿಸಿ, ಅದರ ಮೇಲೆ ಗಾಳಿಯಾಡದ ತೆಳುವಾದ ಪಾರದರ್ಶಕ ಹಾಳೆಯನ್ನು ಅಂಟಿಸಿ, ಹಾಳೆಗೆ ಒಂದು ಟ್ಯೂಬನ್ನು ಜೋಡಿಸಿ, ಮಂಚದ ಕಂಬಿಗೆ ತೂಗುಹಾಕಿದ ಪುಟ್ಟ ಯಂತ್ರಕ್ಕೆ ಸೇರಿಸಿದರು. ಯಂತ್ರ ಹಗಲಿರುಳು ಮೆಲ್ಲಗೆ ಎಳೆಯುತ್ತಿತ್ತು. ಸ್ಪಂಜು ಕುಗ್ಗಿ ಗಾಯವನ್ನು ಒತ್ತಿ ಹಿಡಿಯುತ್ತಿತ್ತು; ಗಾಯದಿಂದ ಒಸರುವ ನೀರು ಟ್ಯೂಬಿನ ಮೂಲಕ ಯಂತ್ರದ ಡಬ್ಬಿಗೆ ಬಂದು ಬೀಳುತ್ತಿತ್ತು.

ಅರಿವಳಿಕೆ ಇಳಿದು ಎಚ್ಚರವಾದ ತಣ್ಣಪ್ಪ ಮೊದಲು ನೋಡಿದ್ದು ಕಾಲನ್ನಲ್ಲ, ಯಂತ್ರವನ್ನು.

"ಸಿಸ್ಟರ್, ಇದು ಎಷ್ಟಕ್ಕೆ ಎಳೀತಿದೆ?" ಎಂದು ಡ್ರೆಸ್ಸಿಂಗ್ ಮಾಡುವ ಸಿಸ್ಟರನ್ನು ಕೇಳಿದನು.

"ಮೈನಸ್ ನೂರಿಪ್ಪತ್ತೈದು."

"ಅಷ್ಟೇನಾ? ನಮ್ಮ ಪಂಪು ಇದರ ಆರರಷ್ಟು ಎಳೆಯತ್ತೆ."

"ನಿಮ್ಮ ಪಂಪು ಹಾಕಿದ್ರೆ ಕಾಲು ಡಬ್ಬೀಲಿ ಇರತ್ತೆ ಅಣ್ಣಾ. ಸುಮ್ನೆ ಮಲಗಿ." ಅವಳು ಡಬ್ಬಿಯ ಮೇಲೆ ಪೆನ್ನಿನಿಂದ ನೀರಿನ ಮಟ್ಟಕ್ಕೆ ಗೆರೆ ಎಳೆದು ಹೊತ್ತು ಬರೆದಳು. ಬಳಿಕ ತಿರುಗಿ, "ನಿಮ್ಮ ಕೆಲಸ ಏನು ಅಂತ ಅಕ್ಕ ಹೇಳಿದ್ರು. ಅದಕ್ಕೇ ಮೊದಲೇ ಹೇಳ್ತೀನಿ. ಇದರ ಮೇಲೆ ನಿಮ್ಮ ಕಣ್ಣು ಎಷ್ಟು ಬೇಕಾದ್ರೂ ಇರಲಿ, ಕೈ ಮಾತ್ರ ಬೇಡ" ಎಂದಳು.

ಪಕ್ಕದ ಮಂಚದಲ್ಲಿ ಪಾದದ ಗಾಯಕ್ಕೆಂದು ಬಂದಿದ್ದ ತಾತನೊಬ್ಬರಿದ್ದರು. ನಲವತ್ತು ವರ್ಷ ಟಪಾಲು ಹಂಚಿದವರು. "ಅವನ ಕೈ ಕಟ್ಟಿಹಾಕಮ್ಮ. ನಿನ್ನೆ ನನ್ನ ಮಂಚದ ಚಕ್ರ ರಿಪೇರಿ ಮಾಡ್ತೀನಿ ಅಂತಿದ್ದ" ಎಂದರು ಅವರು.

ಒಂದು ವಾರ ಹೀಗೆ ಕಳೆಯಿತು. ತೆಗೆದ ಗಡ್ಡೆಯ ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದು ವರದಿ ಬಂತು. ಆಗ ಎಡ ತೊಡೆಯಿಂದ ಕಾಗದದಷ್ಟು ತೆಳುವಾಗಿ ಚರ್ಮವನ್ನು ಸುಲಿದು ಬಲ ತೊಡೆಯ ಹೊಂಡಕ್ಕೆ ಹೊದಿಸಿದರು. ಅದರ ಮೇಲೆ ಅಂಟದಂಥ ಒಂದು ಬಲೆ, ಬಲೆಯ ಮೇಲೆ ಮತ್ತೆ ಸ್ಪಂಜು, ಹಾಳೆ, ಟ್ಯೂಬು, ಯಂತ್ರ.

ಅಂದು ಸಂಜೆ ಡಾಕ್ಟರಮ್ಮ ಮಂಚದ ಬಳಿ ನಿಂತು ಗಂಡಹೆಂಡಿರಿಬ್ಬರಿಗೂ ವಿಷಯವನ್ನು ಬಿಡಿಸಿ ಹೇಳಿದರು.

"ಹೊದಿಸಿರೋ ಚರ್ಮಕ್ಕೆ ಈಗ ಜೀವ ಇಲ್ಲ. ಕೆಳಗಿಂದ ರಕ್ತ ಸಿಕ್ಕಿದ್ರೆ ಹಿಡಿಯತ್ತೆ. ಐದು ದಿನ ಅದು ಅಲುಗಬಾರದು, ಕೆಳಗೆ ನೀರು ನಿಲ್ಲಬಾರದು. ಸ್ಪಂಜು ಒತ್ತತ್ತೆ, ಯಂತ್ರ ನೀರು ಎಳೆಯತ್ತೆ. ಆರನೇ ದಿನದ ಬೆಳಿಗ್ಗೆ ಬಿಚ್ಚಿ ನೋಡೋಣ."

"ಹಿಡೀಲಿಲ್ಲ ಅಂದ್ರೆ ಮೇಡಂ?" ಎಂದು ಹೆಂಡತಿ ಕೇಳಿದಳು.

"ಮತ್ತೆ ಚರ್ಮ ತೆಗೀಬೇಕು, ಮತ್ತೆ ವಾಸಿಯಾಗೋವರೆಗೂ ಕಾಯಬೇಕು. ನಮ್ಮ ಹತ್ರ ಕಾಯೋ ಟೈಮಿಲ್ಲ. ಮೊದಲ ಆಪರೇಷನ್ ಆಗಿ ಆರು ವಾರದೊಳಗೆ ಕಿರಣದ ಚಿಕಿತ್ಸೆ ಶುರುವಾಗಬೇಕು. ಹಸಿ ಗಾಯದ ಮೇಲೆ ಅದನ್ನ ಕೊಡೋ ಹಾಗಿಲ್ಲ. ತಡ ಆದಷ್ಟೂ ಆ ರೋಗ ಮತ್ತೆ ಅದೇ ಜಾಗಕ್ಕೆ ಬರೋ ಭಯ ಜಾಸ್ತಿ. ಹಾಗೆ ಬಂದ್ರೆ ಕಾಲು ಉಳಿಸೋದು ಕಷ್ಟ." ಹೊರಡುವಾಗ ಸಿಸ್ಟರಿಗೆ ಹೇಳಿದ ಮಾತೂ ತಣ್ಣಪ್ಪನ ಕಿವಿಗೆ ಬಿತ್ತು: "ಯಂತ್ರ ಎರಡು ಗಂಟೆಗಿಂತ ಹೆಚ್ಚು ನಿಂತ್ರೆ ನನಗೆ ಫೋನ್ ಮಾಡಿ. ಆಗ ಕಾಯೋ ಹಾಗಿಲ್ಲ, ಬಿಚ್ಚಲೇಬೇಕು."

ಮೂರನೆಯ ದಿನ ಮಧ್ಯಾಹ್ನದ ಮಾತು. ಹೆಂಡತಿ ಸ್ನಾನ ಮಾಡಿ ಬಟ್ಟೆ ತರಲು ಮನೆಗೆ ಹೋಗಿದ್ದಳು. ಬೆಳಗಿನ ಸಿಸ್ಟರುಗಳು ಮಧ್ಯಾಹ್ನದವರಿಗೆ ವಾರ್ಡನ್ನು ಒಪ್ಪಿಸುವ ಹೊತ್ತು. ಎಲ್ಲರೂ ದೂರದ ಮೇಜಿನ ಸುತ್ತ ನಿಂತು ಕಾಗದಗಳನ್ನು ತಿರುವುತ್ತಿದ್ದರು. ಆಗ ಯಂತ್ರ ಕೀಂ ಕೀಂ ಎಂದು ಕೂಗತೊಡಗಿತು. ಅಂಕಿ ನೂರಿಪ್ಪತ್ತೈದರಿಂದ ಕೆಳಗಿಳಿದು ತೊಂಬತ್ತು, ಎಂಬತ್ತು ಎಂದು ತಡವರಿಸುತ್ತಿತ್ತು.

"ನಿನ್ನ ಪೆಟ್ಟಿಗೆ ಅಳ್ತಿದೆ ನೋಡಪ್ಪ" ಎಂದರು ತಾತ.

"ಸಿಸ್ಟರ್, ಲೀಕು" ಎಂದು ತಣ್ಣಪ್ಪ ಕರೆದನು.

"ಐದು ನಿಮಿಷ ಅಣ್ಣಾ, ಬಂದೆ" ಎಂದು ಮೇಜಿನ ಕಡೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ ಇನ್ನೊಬ್ಬ ರೋಗಿಯನ್ನು ತಳ್ಳಿಕೊಂಡು ಬಂದರು. ಸಿಸ್ಟರುಗಳು ಅತ್ತ ಓಡಿದರು. ಯಂತ್ರ ಕೂಗುತ್ತಲೇ ಇತ್ತು. ಸೋರುವ ಸದ್ದನ್ನು ಕೇಳಿಸಿಕೊಂಡು ಸುಮ್ಮನೆ ಮಲಗುವುದು ತಣ್ಣಪ್ಪನಿಂದ ಆಗದ ಕೆಲಸ. ಸೋರುತ್ತಿರುವುದು ಯಂತ್ರದ ಕಡೆಯೋ, ಕಾಲಿನ ಕಡೆಯೋ? ಅದನ್ನು ತಿಳಿಯಲು ಅವನಿಗೆ ಗೊತ್ತಿದ್ದ ದಾರಿ ಒಂದೇ. ಟ್ಯೂಬಿನ ನಡುವೆ ಒಂದು ಬಿಳಿಯ ಕ್ಲಿಪ್ಪಿತ್ತು. ಕೈ ಚಾಚಿ ಅದನ್ನು ಟಕ್ಕೆಂದು ಮುಚ್ಚಿದನು. ಕೂಗು ನಿಂತಿತು. ಅಂಕಿ ಏರಿ ನೂರಿಪ್ಪತ್ತೈದರಲ್ಲಿ ನಿಂತಿತು.

ಹಾಗಾದರೆ ಯಂತ್ರ ಸರಿಯಾಗಿದೆ, ದೋಷ ಕಾಲಿನ ಕಡೆ ಎಂದು ಅವನು ತೀರ್ಮಾನಿಸಿದನು. ಅಲ್ಲಿಯವರೆಗೆ ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಹಾಳೆಯ ಅಂಚನ್ನು ಬೆರಳ ತುದಿಯಿಂದ ಸವರುತ್ತ ಹೋದನು. ತೊಡೆಯ ಹಿಂಭಾಗದಲ್ಲಿ, ಬೆವರಿಗೆ ಅಂಟು ಬಿಟ್ಟು, ಅಂಚು ಉಗುರಿನಷ್ಟು ಎದ್ದಿತ್ತು. ಅದನ್ನು ಬಲವಾಗಿ ಒತ್ತಿ, ತಾತನ ಬಳಿಯಿದ್ದ ಅಂಟುಪಟ್ಟಿಯ ಸುರುಳಿಯಿಂದ ಒಂದು ತುಂಡು ಹರಿದು ಅಂಟಿಸಿದನು. ಇನ್ನು ನಿಲ್ಲುತ್ತದೆಯೋ ಇಲ್ಲವೋ ನೋಡಬೇಕಲ್ಲ. ಗೋಡೆಯ ಗಡಿಯಾರವನ್ನು ನೋಡಿ, ದಿಂಬಿನ ಬಳಿಯಿದ್ದ ದಿನಪತ್ರಿಕೆಯ ಅಂಚಿನಲ್ಲಿ ಒಂದೂ ಐವತ್ತು ಎಂದು ಬರೆದನು. ಇಪ್ಪತ್ತು ನಿಮಿಷ ಅಂಕಿ ಅಲ್ಲಾಡದಿದ್ದರೆ ಸೋರಿಕೆ ನಿಂತ ಹಾಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಅಂಕಿಯನ್ನು ನೋಡುತ್ತ ಮಲಗಿದನು.

ಅವನು ಮರೆತದ್ದು ಒಂದು ಸಂಗತಿ. ಅಂಗಡಿಯಲ್ಲಿ ಅವನ ಗೇಜು ಇರುವುದು ವಾಲ್ವಿನಿಂದ ಆಚೆಗೆ, ಕೊಳವೆಗಳ ಕಡೆಗೆ. ವಾಲ್ವು ಮುಚ್ಚಿದರೂ ಮುಳ್ಳು ಕೊಳವೆಯ ಸ್ಥಿತಿಯನ್ನೇ ತೋರಿಸುತ್ತದೆ. ಇಲ್ಲಿಯ ಗೇಜು ಯಂತ್ರದ ಒಳಗಿತ್ತು. ಕ್ಲಿಪ್ಪು ಮುಚ್ಚಿದ ಮೇಲೆ ಅದು ತೋರಿಸುತ್ತಿದ್ದುದು ತನ್ನನ್ನು ಮಾತ್ರ. ಕಾಲಿನ ಸುದ್ದಿ ಅದಕ್ಕಿರಲಿಲ್ಲ. ಆ ಯಂತ್ರ ಹಳೆಯ ಮಾದರಿಯದು. ಸೋರಿದರೆ ಕೂಗುತ್ತಿತ್ತು, ಟ್ಯೂಬು ಕಟ್ಟಿಕೊಂಡರೆ ಪಕ್ಕದಲ್ಲಿ ಒಂದು ಹಳದಿ ದೀಪ ಮಾತ್ರ ಹತ್ತುತ್ತಿತ್ತು, ಅದೂ ಮಲಗಿದವನಿಗೆ ಕಾಣದ ಮಗ್ಗುಲಲ್ಲಿ. ಕೂಗು ನಿಂತದ್ದನ್ನು ಕೇಳಿ, ಎಲ್ಲ ಸರಿಹೋಯಿತೆಂದು ಸಿಸ್ಟರೂ ಹೊಸ ರೋಗಿಯ ಕೆಲಸದಲ್ಲಿ ಉಳಿದಳು. ಒಂದೂವರೆಗೆ ನುಂಗಿದ ನೋವಿನ ಮಾತ್ರೆ ತಣ್ಣಪ್ಪನ ರೆಪ್ಪೆಗಳನ್ನು ಎಳೆಯಿತು. ಅಂಕಿಯನ್ನು ನೋಡುತ್ತ ನೋಡುತ್ತಲೇ ಅವನಿಗೆ ನಿದ್ದೆ ಹತ್ತಿತು.

"ಇದೇನ್ರೀ ಇದು, ಹಳದಿ ದೀಪ?"

ಹೆಂಡತಿಯ ದನಿಗೆ ಕಣ್ಣು ಬಿಟ್ಟನು. ಅವಳು ಬಟ್ಟೆಯ ಚೀಲವನ್ನು ಹಿಡಿದು ಮಂಚದ ಆ ಬದಿಯಲ್ಲಿ ನಿಂತಿದ್ದಳು. ಗಡಿಯಾರದಲ್ಲಿ ನಾಲ್ಕೂವರೆ. ಟ್ಯೂಬಿನ ಕಡೆ ನೋಡಿದನು. ಅದರೊಳಗಿನ ಕೆಂಪು ನೀರು ಅಲ್ಲಾಡದೆ ನಿಂತಿತ್ತು. ಯೋಚಿಸುವ ಮೊದಲೇ ಅವನ ಕೈ ಕ್ಲಿಪ್ಪನ್ನು ಬಿಚ್ಚಿತ್ತು. ಯಂತ್ರ ಒಮ್ಮೆ ಗೊರಗುಟ್ಟಿತು. ಕಾಲಿನ ಕಡೆಯಿಂದ ಕೆಂಪು ಬೆರೆತ ನೀರು ಸರಸರನೆ ಹರಿದು ಬಂದು ಡಬ್ಬಿಯೊಳಗೆ ಬಿತ್ತು. ಹಳದಿ ದೀಪ ಆರಿತು. ಅಂಕಿ ನೂರಿಪ್ಪತ್ತೈದು. ಹೊರಗಿನಿಂದ ನೋಡಿದವರಿಗೆ ಈಗ ಎಲ್ಲವೂ ಸರಿಯಾಗಿತ್ತು.

"ಏನು ಮಾಡಿದ್ರಿ ನೀವು?"

"ಸ್ವಲ್ಪ ಮೆಲ್ಲಗೆ ಮಾತಾಡೇ."

"ಮೆಲ್ಲಗೇ ಕೇಳ್ತಿದೀನಿ. ಏನು ಮಾಡಿದ್ರಿ?"

ಅವನು ಹೇಳಿದನು. ಅವಳು ದಿನಪತ್ರಿಕೆಯ ಅಂಚನ್ನು ನೋಡಿದಳು, ಗಡಿಯಾರವನ್ನು ನೋಡಿದಳು. ಬೆರಳು ಮಡಿಸಿ ಲೆಕ್ಕ ಹಾಕಿದಳು. "ಎರಡು ಗಂಟೆ ನಲವತ್ತು ನಿಮಿಷ" ಎಂದಳು. "ಸಿಸ್ಟರನ್ನ ಕರೀತೀನಿ."

"ಒಂದು ನಿಮಿಷ ಇರು. ಹೇಳಿದ್ರೆ ಬಿಚ್ಚಿಬಿಡ್ತಾರೆ. ಮೂರೇ ದಿನ ಆಗಿರೋದು. ಬಿಚ್ಚುವಾಗ ಚರ್ಮ ಸ್ಪಂಜಿನ ಜೊತೆಗೇ ಎದ್ದು ಬಂದ್ರೆ? ನೀರು ಪೂರ್ತಿ ಈಚೆಗೆ ಬಂತಲ್ಲ. ಇನ್ನೆರಡು ದಿನ ಒತ್ತಿ ಹಿಡಿದ್ರೆ ಕೂತ್ಕೋಬಹುದು."

"ಕೂತ್ಕೊಳ್ಳಲಿಲ್ಲ ಅಂದ್ರೆ?"

ಅವನು ತೊಡೆಯ ಹಿಂಭಾಗದ ಪಟ್ಟಿಯನ್ನು ಬೆರಳಿನಿಂದ ಮತ್ತೊಮ್ಮೆ ಒತ್ತಿದನು.

"ಫ್ರಿಜ್ಜಿಗೆ ತಾವೇ ಕೈ ಹಾಕಿ ಕೆಡಿಸ್ಕೊಂಡು ಬರೋರನ್ನ ನೀವು ಏನಂತ ಬೈತೀರಿ? ಒಂದ್ಸಲ ನಿಮಗೆ ನೀವೇ ಹೇಳ್ಕೊಳ್ಳಿ, ನಾನೂ ಕೇಳ್ತೀನಿ" ಎಂದು ಹೇಳಿ ಅವಳು ಸಿಸ್ಟರನ್ನು ಕರೆಯಲು ಹೋದಳು.

ಬಂದವಳು ಅದೇ ಡ್ರೆಸ್ಸಿಂಗ್ ಸಿಸ್ಟರು. ಅಂದು ಅವಳಿಗೆ ಮಧ್ಯಾಹ್ನದ ಪಾಳಿ, ಒಂದೂವರೆಗೇ ಕೆಲಸಕ್ಕೆ ಬಂದಿದ್ದಳು. ಟ್ಯೂಬಿನ ಕ್ಲಿಪ್ಪು ಮುಚ್ಚಿಕೊಂಡಿತ್ತು ಎಂದಷ್ಟೇ ಹೆಂಡತಿ ಹೇಳಿದ್ದಳು. ಉಳಿದದ್ದನ್ನು ಗಂಡನೇ ಹೇಳಲಿ ಎಂದು ಬಿಟ್ಟಿದ್ದಳು. ಸಿಸ್ಟರು ಹಾಳೆಯನ್ನು ಮುಟ್ಟಿ ನೋಡಿದಳು. ಹಿಂಭಾಗದ ಪಟ್ಟಿ ಅವಳ ಕಣ್ಣಿಗೆ ಬಿತ್ತು.

"ಕೈ ಬೇಡ ಅಂದಿದ್ದೆ ಅಲ್ವಾ ಅಣ್ಣಾ. ಎಷ್ಟು ಹೊತ್ತು ಮುಚ್ಚಿತ್ತು?"

"ಒಂದರ್ಧ ಗಂಟೆ ಇರಬಹುದು."

ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತಂತೆ. ಹೆಂಡತಿ ಕಿಟಕಿಯ ಕಡೆಗೆ ತಿರುಗಿ ನಿಂತಳು. ದಿನಪತ್ರಿಕೆ ಅವಳ ಕೈಯಲ್ಲೇ ಇತ್ತು.

ಸಿಸ್ಟರು ಅರ್ಧ ಗಂಟೆ ಎಂದು ಕಾಗದದಲ್ಲಿ ಬರೆದುಕೊಂಡಳು. ಬಳಿಕ ಬಗ್ಗಿ ಡಬ್ಬಿಯ ಗೆರೆಯನ್ನು ನೋಡಿದಳು. ನೋಡಿದವಳು ಹಾಗೆಯೇ ಬಗ್ಗಿ ನಿಂತಳು.

"ಒಂದೂವರೆಗೆ ನಾನೇ ಗೆರೆ ಹಾಕಿದ್ದು. ಅಲ್ಲಿಂದ ಮೂವತ್ತು ಮಿಲಿ ಹತ್ತಿರ ಏರಿದೆ. ಇದೆಲ್ಲ ಈಗ ಒಂದೇ ಸಲಕ್ಕೆ ಬಂತಾ?"

"ಹೂಂ, ಬಿಚ್ಚಿದ ತಕ್ಷಣ."

"ಗಂಟೆಗೆ ಹತ್ತಕ್ಕಿಂತ ಹೆಚ್ಚು ಯಾವತ್ತೂ ಬಂದಿಲ್ಲ. ಅರ್ಧ ಗಂಟೆಯಲ್ಲಿ ಮೂವತ್ತು ಅಂದ್ರೆ..." ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು. "ಬಣ್ಣಾನೂ ಕೆಂಪಗಿದೆ. ಒಳಗೆ ರಕ್ತ ಸೋರ್ತಿರಬೇಕು. ಸಂಜೆಯ ಇಂಜೆಕ್ಷನ್ ನಿಲ್ಲಿಸ್ಬೇಕು, ಅದು ರಕ್ತ ತೆಳು ಮಾಡೋದು. ಏನೂ ತಿನ್ನಬೇಡಿ, ನೀರೂ ಕುಡೀಬೇಡಿ. ಥಿಯೇಟರ್ ರೆಡಿ ಮಾಡಿ ಅಂತಾರೇನೋ. ಡಾಕ್ಟರಿಗೆ ಹೇಳ್ತೀನಿ." ಅವಳ ನಡಿಗೆ ಓಟವಾಗಿ ಬದಲಾಯಿತು.

ಸುಳ್ಳು ಹೇಳಿದರೆ ಬಿಚ್ಚುವುದು ತಪ್ಪುತ್ತದೆ ಎಂದು ತಣ್ಣಪ್ಪ ಅಂದುಕೊಂಡಿದ್ದನು. ಆ ಸುಳ್ಳಿನ ಅಳತೆಯನ್ನೇ ನಂಬಿ ಅವರು ಇಲ್ಲದ ರಕ್ತಸ್ರಾವವನ್ನು ಹುಡುಕಲು ಹೊರಟಿದ್ದರು. ಇಂಥದ್ದನ್ನು ಅವನು ಅಂಗಡಿಯಲ್ಲಿ ನೂರು ಸಲ ಕಂಡಿದ್ದನು. ಗಿರಾಕಿ ಏನನ್ನೋ ಮುಚ್ಚಿಡುತ್ತಾನೆ. ಅದನ್ನು ನಂಬಿ ಒಳ್ಳೆಯ ಕಂಪ್ರೆಸರನ್ನು ಕೊಯ್ದು ತೆಗೆದದ್ದೂ ಇದೆ. ಅವನು ಮನಸ್ಸಿನಲ್ಲೇ ಭಾಗಿಸಿ ನೋಡಿದನು. ಮೂವತ್ತು ಮಿಲಿಯನ್ನು ಎರಡು ಗಂಟೆ ನಲವತ್ತು ನಿಮಿಷಕ್ಕೆ ಹಂಚಿದರೆ ಗಂಟೆಗೆ ಹತ್ತರ ಆಸುಪಾಸು. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ರಕ್ತ ಸೋರುತ್ತಿರಲಿಲ್ಲ. ಸೋರದೆ ಒಳಗೇ ನಿಂತಿದ್ದ ನೀರು ಅದು; ನಿಂತಿದ್ದುದು ಆ ಹೊಸ ಚರ್ಮದ ಕೆಳಗೆ.

"ಸಿಸ್ಟರ್" ಎಂದು ಕೂಗಿದನು. ದನಿ ಏರಿಸದ ಮನುಷ್ಯ ಕೂಗಿದ್ದಕ್ಕೆ ಇಡೀ ವಾರ್ಡೇ ತಿರುಗಿ ನೋಡಿತು. ಹೆಂಡತಿ ಬಂದು ದಿನಪತ್ರಿಕೆಯನ್ನು ಅವನ ಕೈಗಿಟ್ಟಳು.

ಸಿಸ್ಟರು ಫೋನನ್ನು ಕೈಯಲ್ಲಿ ಹಿಡಿದೇ ಹಿಂದಕ್ಕೆ ಬಂದಳು.

"ನಾನು ಹೇಳಿದ್ದು ಸುಳ್ಳು. ಅರ್ಧ ಗಂಟೆ ಅಲ್ಲ. ಒಂದೂ ಐವತ್ತಕ್ಕೆ ಮುಚ್ಚಿದ್ದು, ನಾಲ್ಕೂವರೆಗೆ ತೆಗೆದಿದ್ದು. ನಾನೇ ಬರ್ಕೊಂಡಿದೀನಿ, ನೋಡಿ. ರಕ್ತ ಅಲ್ಲ ಅದು. ಅಷ್ಟು ಹೊತ್ತಿಂದು ಒಟ್ಟಿಗೆ ಬಂದಿದೆ."

ಸಿಸ್ಟರು ಪತ್ರಿಕೆಯ ಅಂಚನ್ನು ಓದಿದಳು. ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡನು. ಅವಳು ಬೈಯಲಿಲ್ಲ. ಕಾಗದದಲ್ಲಿ ಬರೆದಿದ್ದುದನ್ನು ಹೊಡೆದುಹಾಕಿ, ಮೇಲೆ ಸರಿಯಾದ ಹೊತ್ತನ್ನು ಬರೆದು, ಫೋನಿನಲ್ಲಿ ಡಾಕ್ಟರಮ್ಮನಿಗೆ ಅದನ್ನೇ ಓದಿ ಹೇಳಿದಳು.

ಡಾಕ್ಟರಮ್ಮ ಅರ್ಧ ಗಂಟೆಯಲ್ಲಿ ಬಂದರು. ಬಂದವರೇ ಸಿಸ್ಟರನ್ನು ಕೇಳಿದರು: "ಎರಡು ಗಂಟೆಗೊಂದ್ಸಲ ಯಂತ್ರ ನೋಡ್ಬೇಕು ಅಂತ ಇದೆ. ಯಾರು ನೋಡಿದ್ರು?"

ಸಿಸ್ಟರು ತಲೆ ತಗ್ಗಿಸಿದಳು. "ಥಿಯೇಟರಿಂದ ಬಂದ ಪೇಷೆಂಟಿಗೆ ಬಿಪಿ ಇಳಿದಿತ್ತು ಮೇಡಂ. ಇಲ್ಲಿ ಅಲಾರಂ ನಿಂತಿದ್ದು ಕೇಳಿಸ್ತು, ಸರಿಹೋಯ್ತು ಅಂದ್ಕೊಂಡೆ."

"ಅವರು ಐದು ನಿಮಿಷ ಅಂದಿದ್ರು ಡಾಕ್ಟರೇ" ಎಂದನು ತಣ್ಣಪ್ಪ. "ನನಗೆ ಐದು ನಿಮಿಷ ತಡ್ಕೊಳ್ಳೋಕಾಗಲಿಲ್ಲ."

"ನಿಮ್ಮನ್ನ ಆಮೇಲೆ ಬೈತೀನಿ. ಈಗ ಟೈಮಿಲ್ಲ" ಎಂದರು ಡಾಕ್ಟರಮ್ಮ.

ಅವನನ್ನು ಡ್ರೆಸ್ಸಿಂಗ್ ಕೋಣೆಗೆ ತಳ್ಳಿಕೊಂಡು ಹೋದರು. ಹೆಂಡತಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಅವನು ಇಲ್ಲ, ನೋಡುತ್ತೇನೆ ಎಂದನು. ಸಿಸ್ಟರು ಯಂತ್ರವನ್ನು ನಿಲ್ಲಿಸಿ, ಸ್ಪಂಜಿನೊಳಕ್ಕೆ ಉಪ್ಪುನೀರನ್ನು ಹನಿಹನಿಯಾಗಿ ಬಿಟ್ಟಳು. ಸ್ಪಂಜು ನೆನೆದು ತಾನಾಗಿ ಸಡಿಲವಾಗುವವರೆಗೆ ಹತ್ತು ನಿಮಿಷ ಕಾಯಬೇಕಾಗಿತ್ತು. ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಇಪ್ಪತ್ತೈದು ವರ್ಷ ಮುಳ್ಳು ನೋಡುತ್ತ ಕಾದವನಿಗೆ ಆ ಕಾಯುವಿಕೆ ಮಾತ್ರ ಸಹಿಸಲಾಗಲಿಲ್ಲ ಎಂದು ಮುಂದೊಂದು ದಿನ ನನ್ನೊಡನೆ ಹೇಳಿಕೊಂಡನು.

ಹಾಳೆಯನ್ನು ಮೇಲಕ್ಕೆ ಕೀಳದೆ, ಚರ್ಮಕ್ಕೆ ಸಮನಾಗಿ ಎಳೆದು ಬಿಡಿಸಿದರು. ಸ್ಪಂಜು ಎದ್ದಿತು. ಡಾಕ್ಟರಮ್ಮ ಬಲೆಯ ಒಂದು ಮೂಲೆಯನ್ನು ಚಿಮಟದಿಂದ ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿದರು. ಬಲೆಯ ಜೊತೆಗೆ ಚರ್ಮವೂ ಒಂದಿಷ್ಟು ಎದ್ದಂತೆ ಕಂಡಿತು. ಅವರ ಕೈ ನಿಂತಿತು. ಸಿಸ್ಟರು ಆ ಜಾಗಕ್ಕೆ ಇನ್ನಷ್ಟು ನೀರು ಬಿಟ್ಟಳು. ಚರ್ಮ ಬಲೆಯನ್ನು ಬಿಟ್ಟು ಕೆಳಕ್ಕೆ ಕೂತಿತು.

ಮೇಲ್ಭಾಗದ ಚರ್ಮ ನಸುಗೆಂಪಾಗಿ ಮಾಂಸಕ್ಕೆ ಅಂಟಿತ್ತು. ಕೆಳಗಿನ ನಾಲ್ಕನೇ ಒಂದು ಭಾಗ ಮಾತ್ರ ಉಬ್ಬಿ, ಒಳಗೆ ಕಪ್ಪುಕೆಂಪು ನೀರು ತುಂಬಿ, ನೀಲಿಯಾಗಿ ಕಾಣುತ್ತಿತ್ತು.

"ಆರನೇ ದಿನದವರೆಗೂ ಹೀಗೇ ಬಿಟ್ಟಿದ್ರೆ ಈ ಭಾಗ ಕೊಳೆತು ಹೋಗಿರೋದು. ಇದರ ಜೊತೆ ಇನ್ನೆಷ್ಟು ಹೋಗ್ತಿತ್ತೋ" ಎಂದರು ಡಾಕ್ಟರಮ್ಮ. ಚೂಪಾದ ಬ್ಲೇಡಿನ ತುದಿಯಿಂದ ಆ ಉಬ್ಬಿನಲ್ಲಿ ಮೂರು ನಾಲ್ಕು ಸಣ್ಣ ಸೀಳುಗಳನ್ನು ಮಾಡಿದರು. ಹತ್ತಿ ಸುತ್ತಿದ ಕಡ್ಡಿಯನ್ನು ನಡುವಿನಿಂದ ಸೀಳಿನ ಕಡೆಗೆ ಮೆಲ್ಲನೆ ಉರುಳಿಸುತ್ತ ನೀರನ್ನು ಹೊರಗೆ ಹಾಕಿದರು. ಉಬ್ಬು ಇಳಿಯಿತು. ಹೊಸ ಬಲೆ, ಹೊಸ ಸ್ಪಂಜು, ಹೊಸ ಹಾಳೆ. ಈ ಸಲ ಸಿಸ್ಟರು ತೊಡೆಯ ಹಿಂಭಾಗವನ್ನು ಎರಡೆರಡು ಸಲ ಒರೆಸಿ ಒಣಗಿಸಿ, ಹಾಳೆಯನ್ನು ನಾಲ್ಕು ಬೆರಳು ಹೆಚ್ಚು ಅಗಲಕ್ಕೆ ಅಂಟಿಸಿದಳು. ಯಂತ್ರ ಮತ್ತೆ ಎಳೆಯತೊಡಗಿತು.

"ಹಿಡಿಯತ್ತಾ ಡಾಕ್ಟರೇ?"

"ಮೇಲಿನದು ಹಿಡಿದಿದೆ. ಕೆಳಗಿನದನ್ನ ಕೂರಿಸಿದೀನಿ. ಕೂತಿರತ್ತೋ ಇಲ್ವೋ ಮೂರನೇ ದಿನ ಬೆಳಿಗ್ಗೆ ಗೊತ್ತಾಗತ್ತೆ. ನಾನೂ ನಿಮ್ಮ ಹಾಗೆ ಕಾಯಬೇಕು."

ಆ ನಡುವಿನ ದಿನಗಳು ಹೇಗೆ ಕಳೆದವೆಂಬುದನ್ನು ನಾನೂ ಸ್ವಲ್ಪ ಕಂಡಿದ್ದೇನೆ. ಮರುದಿನ ನೋಡಲು ಹೋದಾಗ ಅವನು ಎರಡು ಕೈಗಳನ್ನೂ ಬೆನ್ನ ಕೆಳಗೆ ಇಟ್ಟುಕೊಂಡು ಮಲಗಿದ್ದನು.

"ಇದೇನಯ್ಯ ಹೀಗೆ?" ಎಂದೆ.

"ನಾನೇ ಹೇಳಿದ್ದು ಮೇಷ್ಟ್ರೇ" ಎಂದಳು ಹೆಂಡತಿ. "ಯಂತ್ರ ಕೊಂಚ ಸದ್ದು ಮಾಡಿದ್ರೂ ಬೆರಳು ಹೊರಡತ್ತೆ. ನೀವು ಶಾಲೇಲಿ ಕೈ ಕಟ್ಟಿ ಕೂರಿಸಿದ್ದು ಸಾಲಲಿಲ್ಲ."

ನಗಬೇಕೆನಿಸಿದರೂ ಯಾರಿಗೂ ನಗು ಬರಲಿಲ್ಲ. ಹಿಂದಿನ ರಾತ್ರಿ ಅವನಿಗೆ ಮೈ ಬಿಸಿಯಾಗಿತ್ತು. ಗಾಯ ಕೆಟ್ಟಿದೆಯೋ, ಬರಿಯ ಆಯಾಸವೋ ತಿಳಿಯದೆ ರಕ್ತಪರೀಕ್ಷೆಗೆ ಕಳುಹಿಸಿದ್ದರು. ಅವನು ನನ್ನೊಡನೆ ಮಾತನಾಡುತ್ತಿದ್ದರೂ ಕಣ್ಣು ಟ್ಯೂಬಿನ ಮೇಲೆಯೇ ಇತ್ತು. ಒಂದು ಹನಿ ಸರಿದರೆ ಮುಂದಿನ ಹನಿಗಾಗಿ ಕಾಯುತ್ತಿದ್ದನು. ಹೆಂಡತಿ ಕ್ಯಾಲೆಂಡರಿನ ಒಂದು ಹಾಳೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಿದ್ದಳು. ಅದರಲ್ಲಿ ಆರು ವಾರ ಮುಗಿಯುವ ದಿನಕ್ಕೆ ಸುತ್ತು ಹಾಕಿದ್ದಳು. ಮತ್ತೆ ಚರ್ಮ ಹೊದಿಸಬೇಕಾದರೆ ಆ ದಿನ ದಾಟುತ್ತದೆ ಎಂದು ನನಗೆ ಹೊರಗಿನ ಬೆಂಚಿನ ಮೇಲೆ ಕುಳಿತು ತೋರಿಸಿದಳು. ಅವನ ಎದುರಿಗೆ ಆ ಹಾಳೆಯನ್ನು ತೆಗೆಯುತ್ತಿರಲಿಲ್ಲ.

ಸಂಜೆಗೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ದೋಷವೇನೂ ಇರಲಿಲ್ಲ. ಬಿಸಿಯೂ ಇಳಿಯಿತು. ಅವನು ಮಾತ್ರ ನಂಬಲಿಲ್ಲ.

ಗೊತ್ತು ಮಾಡಿದ ದಿನ ಬೆಳಿಗ್ಗೆ ಮತ್ತೆ ಅದೇ ಕೋಣೆ, ಅದೇ ಉಪ್ಪುನೀರು, ಅದೇ ಹತ್ತು ನಿಮಿಷ. ಈ ಸಲ ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡನು. ಬಲೆ ಏಳುವುದು ಸುತ್ತಲಿನ ಚರ್ಮಕ್ಕೆ ತಿಳಿಯುತ್ತಿತ್ತು.

"ಈ ಕಡೆ ನೋಡಿ" ಎಂದರು ಡಾಕ್ಟರಮ್ಮ.

ನೋಡಿದನು. ಹೊಂಡದ ಉದ್ದಕ್ಕೂ ಚರ್ಮ ಎಳೆಯ ಕೆಂಪಿಗೆ ತಿರುಗಿ ಕೂತಿತ್ತು. ಕೆಳಗಿನ ಮೂಲೆಯಲ್ಲಿ ಎರಡು ಬೆರಳಗಲದಷ್ಟು ಜಾಗ ಮಾತ್ರ ಕಪ್ಪಾಗಿ ಸತ್ತಿತ್ತು. ಡಾಕ್ಟರಮ್ಮ 'ಆಮೇಲೆ' ಎಂದು ಉಳಿಸಿಕೊಂಡಿದ್ದ ಬೈಗುಳವನ್ನು ಆಗ ತೀರಿಸಿದರು. "ಈ ಎರಡು ಬೆರಳು ನಿಮ್ಮ ಕೈಚಳಕ. ಉಳಿದಿದ್ದು ಸಮಯಕ್ಕೆ ಸರಿಯಾಗಿ ನಿಜ ಹೇಳಿದ್ದಕ್ಕೆ ಉಳೀತು. ಇದಕ್ಕೆ ಮತ್ತೆ ಚರ್ಮ ಬೇಡ, ದಿನಾ ಡ್ರೆಸ್ಸಿಂಗ್ ಮಾಡಿದ್ರೆ ತಾನೇ ಮುಚ್ಚತ್ತೆ. ಆರು ವಾರದೊಳಗೆ ಮುಚ್ಚತ್ತಾ ಅಂತ ಕೇಳಬೇಡಿ. ಗೊತ್ತಿಲ್ಲ."

ಹೀಗೆ ಆತಂಕ ಮುಗಿಯಲಿಲ್ಲ. ಎರಡು ಬೆರಳಗಲಕ್ಕೆ ಕುಗ್ಗಿತು, ಅಷ್ಟೆ. ಮನೆಗೆ ಬಂದ ಮೇಲೆ ಹೆಂಡತಿ ದಿನವೂ ಅವನನ್ನು ಡ್ರೆಸ್ಸಿಂಗಿಗೆ ಕರೆದೊಯ್ಯುತ್ತಿದ್ದಳು. ಅವನು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಬೀದಿಯವರು ಫ್ರಿಜ್ಜಿನ ವಿಷಯ ಕೇಳಿಕೊಂಡು ಬಂದರೆ, ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಬಾಯಲ್ಲೇ ದೋಷ ಹೇಳಿ ಕಳುಹಿಸುತ್ತಿದ್ದನು. ಗಾಯ ಒಂದೂವರೆ ಬೆರಳಾಯಿತು. ಒಂದು ವಾರ ಹಾಗೆಯೇ ನಿಂತಿತು. ಆ ವಾರದಲ್ಲಿ ಅವನ ಹೆಂಡತಿ ನನ್ನ ಮನೆಯ ಮುಂದೆ ಹಾದುಹೋಗುವಾಗ ತಲೆ ಎತ್ತುತ್ತಿರಲಿಲ್ಲ. ನಾನೂ ಕರೆದು ಕೇಳುತ್ತಿರಲಿಲ್ಲ. ಬಳಿಕ ಅದು ಬಟಾಣಿಯ ಗಾತ್ರಕ್ಕೆ ಇಳಿಯಿತು.

ಐದನೆಯ ವಾರ ಮುಗಿದು ಮೂರು ದಿನಕ್ಕೆ ಕಿರಣ ಚಿಕಿತ್ಸೆಯ ವಿಭಾಗದಲ್ಲಿ ಅವನನ್ನು ತೋರಿಸಬೇಕಾಗಿತ್ತು. ಅಲ್ಲಿಯ ಡಾಕ್ಟರು ಇನ್ನೊಬ್ಬರು, ಅವನ ಕಥೆ ತಿಳಿಯದವರು. ತೊಡೆಯ ಮೇಲೆ ದೀಪವನ್ನು ಬಗ್ಗಿಸಿ, ಕೈಗವಸಿನ ಬೆರಳಿನಿಂದ ಆ ಮೂಲೆಯನ್ನು ಒತ್ತಿದರು. ಒಣಗಿದ ಬಿಳಿಯ ಬಟ್ಟೆಯನ್ನು ಅಲ್ಲಿ ಒತ್ತಿ ಹಿಡಿದು, ಎತ್ತಿ, ಬೆಳಕಿನಲ್ಲಿ ತಿರುಗಿಸಿ ನೋಡಿದರು. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ.

"ಮುಚ್ಚಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಶುರು ಮಾಡೋಣ" ಎಂದರು.

"ಸೋಮವಾರ ಅಂದ್ರೆ ಆರು ವಾರಕ್ಕೆ ಒಂದು ದಿನ ಮುಂಚೆ" ಎಂದಳು ಹೆಂಡತಿ. ಅಲ್ಲಿಯೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಡಾಕ್ಟರು ಗಾಬರಿಯಾಗಿ ಅವಳಿಗೆ ನೀರು ಕೊಡಿಸಿದರು. ತಣ್ಣಪ್ಪ ಮೇಜಿನಿಂದ ಇಳಿದು, ಕುಂಟುತ್ತ ಬಂದು, ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತುಕೊಂಡನು. ಅವಳು ನೀರು ಕುಡಿದು ಮುಗಿಸುವವರೆಗೂ ಅಲ್ಲಿಯೇ ನಿಂತಿದ್ದನು.